ಹಳೇ ಜೋಡುನಳಿಗೆ ಕೋವಿಯ ಹ್ಯಾಮರ್ ತೆಗೆಸಿ ಹ್ಯಾಮರ್‌ಲೆಸ್ ಮಾಡಿಸಬಹುದೇ?

ತಾತನ ಕೋವಿಗೆ ಹ್ಯಾಮರ್ ಇರುವುದು ಅಪಾಯ, ಹರಿಹರದ ಲೇತಿನವರಲ್ಲಿ ತೆಗೆಸಿ ಹ್ಯಾಮರ್‌ಲೆಸ್ (ಹ್ಯಾಮರ್ ಒಳಗೆ ಅಡಗಿರುವ ಕೋವಿ) ಮಾಡಿಸಲೇ ಅಂತ ಕೇಳಿದ್ದೀರಿ. ನಿಮ್ಮದು ತಾತನದು, ನಮ್ಮದು ಅಜ್ಜನದು. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆಯಲ್ಲಿದ್ದ ಇಂಗ್ಲೆಂಡಿನ 12 ಬೋರ್ (ನಳಿಗೆಯ ಅಳತೆ) ಕೋವಿ, ಹೊರಗೆ ಎರಡು ಕುದುರೆ, ಅಂದರೆ ಈಡು ಸಿಡಿಸಲು ಬಡಿಯುವ ಹ್ಯಾಮರ್. ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ನನಗೂ ಇದೇ ಆಸೆ ಹತ್ತಿತು. ಕುದುರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಎತ್ತುವಾಗ ಹೆಬ್ಬೆರಳು ಜಾರುತ್ತದೆ, ತೆಗೆಸಿದರೆ ಹೊಸ ಕೋವಿಯಂತೆ ಆಗುತ್ತದೆ ಅಂದುಕೊಂಡೆ. ರಿಪೇರಿ ಲೈಸೆನ್ಸ್ ಇದ್ದವರಿಗೇ ಕೊಟ್ಟೆ.

ನಾನು ಎಡವಿದ್ದು ಎಲ್ಲಿ ಅಂದರೆ, ಕುದುರೆ ಹೊರಗಿದೆ, ಬಿಚ್ಚಿದರೆ ಮುಗಿಯಿತು ಅಂತ ನಂಬಿದ್ದರಲ್ಲಿ. ಅದು ಮಾಡುವ ಕೆಲಸವನ್ನು ಒಳಗೆ ಇನ್ನೊಂದು ಹ್ಯಾಮರ್ ಮಾಡಬೇಕಲ್ವಾ? ಅದಕ್ಕೆ ಜಾಗ ಎಲ್ಲಿಂದ ಬರಬೇಕು? ಆಕ್ಷನ್ನಿನ (ನಳಿಗೆಯ ಹಿಂದಿನ, ಯಂತ್ರಭಾಗ ಕೂರುವ ಲೋಹದ ಭಾಗ) ಕಬ್ಬಿಣ ಕೊರೆಯಬೇಕು, ಹಿಂದಿನ ಮರ ಕೆತ್ತಬೇಕು. 1875ರ ಆನ್ಸನ್-ಡೀಲಿ ಅನ್ನುವ ಹ್ಯಾಮರ್‌ಲೆಸ್ ಮಾದರಿಯಲ್ಲಿ ನಳಿಗೆ ಮಡಚಿದರೆ ಒಳಗಿನ ಹ್ಯಾಮರ್ ತಾನೇ ಏಳುತ್ತದೆ. ಅದನ್ನು ಎತ್ತುವ ಸನ್ನೆಕೋಲುಗಳಿಗೆ ಜಾಗ ಬಿಟ್ಟೇ ಆ ಕೋವಿ ಮಾಡಿರುತ್ತಾರೆ. ನನ್ನದರಲ್ಲಿ ಆ ಜಾಗವೇ ಇರಲಿಲ್ಲ. ಒಳಗಿನ ಹ್ಯಾಮರ್ ಎತ್ತಲು ಪಕ್ಕದಲ್ಲೊಂದು ಲಿವರ್ ಕೂರಿಸಿದರು. ಸೇಫ್ಟಿಯನ್ನೂ ಹಾಕಿದರು, ಆದರೆ ಅದು ತಡೆಯುವುದು ಟ್ರಿಗರನ್ನು ಮಾತ್ರ. ಕೋವಿ ಕೈಜಾರಿ ಬಿದ್ದು ಎದ್ದ ಹ್ಯಾಮರನ್ನು ಹಿಡಿದಿಡುವ ಒಳಗಿನ ಕಚ್ಚು ಬಿಟ್ಟರೆ ಈಡು ಹಾರಿಯೇ ಹಾರುತ್ತದೆ. ಮರ ತೆಳ್ಳಗಾಗಿತ್ತು, ಸ್ವಲ್ಪ ದಿನಕ್ಕೇ ಲಾಕಿನ (ಹ್ಯಾಮರ್, ಸ್ಪ್ರಿಂಗ್ ಇರುವ ಭಾಗ) ಹಿಂದೆ ಸೀಳು ಬಿಟ್ಟಿತು. ಹಳೇ ಕುದುರೆಗಳೂ ವಾಪಸ್ ಸಿಗಲಿಲ್ಲ. ಈಗ ಅದನ್ನು ಹಾರಿಸುವ ಹಾಗೂ ಇಲ್ಲ, ಹಳೇ ಕೋವಿ ಅಂತ ಅದಕ್ಕೆ ಬೆಲೆಯೂ ಇಲ್ಲ.

ಹ್ಯಾಮರ್ ಇದ್ದರೆ ಅಪಾಯ ಜಾಸ್ತಿ ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕುದುರೆ ಎದ್ದಿದೆಯೋ ಮಲಗಿದೆಯೋ ಪಕ್ಕದಲ್ಲಿ ನಿಂತವರಿಗೂ ಕಾಣುತ್ತದೆ. ನೀವು ಹೆದರಬೇಕಾದದ್ದು ನಳಿಗೆಗೆ. ಅದರ ಮೇಲೆ ಸುರುಳಿ ಸುರುಳಿ ಗೆರೆ ಇದ್ದರೆ ಡಮಾಸ್ಕಸ್ ನಳಿಗೆ (ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು) ಇರಬಹುದು. ಅಂಥವು ಹೆಚ್ಚಾಗಿ ಕರಿಮದ್ದಿನ ಕಾಲದವು, ಇಂದಿನ ತೋಟಾದ ಒತ್ತಡಕ್ಕೆ ಮಾಡಿದವಲ್ಲ. ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) 65 ಮಿ.ಮೀ. ಇದ್ದು ನೀವು 70ರ ತೋಟಾ ತುಂಬಿದರೆ, ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಮೊದಲು ಚೇಂಬರ್ ಅಳೆಸಿ. ನಳಿಗೆಯ ಅಡಿಯಲ್ಲಿರುವ ಪ್ರೂಫ್ ಮುದ್ರೆಗಳನ್ನು (ಒತ್ತಡ ತಾಳುತ್ತದೆಯೇ ಅಂತ ಪರೀಕ್ಷಿಸಿ ಒತ್ತಿದ ಗುರುತು) ತಿಳಿದವರಿಗೆ ತೋರಿಸಿ. ಅಲ್ಲಿಯವರೆಗೆ ಒಂದು ಈಡೂ ಹೊಡೆಯಬೇಡಿ.

ಹರಿಹರದ ಲೇತಿನವರು ಮಾಡಿಕೊಡುತ್ತಾರೆ ಅಂತ ಬರೆದಿದ್ದೀರಿ. ಅವರ ಕೈಕೆಲಸ ಚೆನ್ನಾಗಿರುತ್ತದೆ, ನಿಜ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಕೋವಿ ರಿಪೇರಿಗೂ ಮಾರ್ಪಾಡಿಗೂ ಲೈಸೆನ್ಸ್ ಬೇಕು. ಸುಮ್ನೆ ಅವರನ್ನೂ ಕೇಸಿಗೆ ಎಳೆಯಬೇಡಿ.

ಹ್ಯಾಮರ್‌ಲೆಸ್ಸೇ ಬೇಕಾದರೆ ಹ್ಯಾಮರ್‌ಲೆಸ್ ಅಂತಲೇ ತಯಾರಾದ ಕೋವಿ ಕೊಳ್ಳಿ. ಆ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೂ ಒಬ್ಬರು ಎರಡು ಕೋವಿ ಇಟ್ಟುಕೊಳ್ಳಬಹುದು. ಎರಡನೆಯದಕ್ಕೆ ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ, ತಾತನದನ್ನು ಇದ್ದ ಹಾಗೇ ಬಿಡಿ.