ಮ್ಯಾಕ್ಸ್ ರೋಚ್ ಅವರ ‘ವಿ ಇನ್ಸಿಸ್ಟ್!’: ಆಫ್ರಿಕಾದ ತಾಳ ಎಲ್ಲಿದೆ?
ನಮಸ್ಕಾರ. ಅಮೆರಿಕದ ಜಾಝ್ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಅವರ 1960ರ ಆಲ್ಬಮ್ ‘ವಿ ಇನ್ಸಿಸ್ಟ್!’ ಹಾಕಿದೆ, ಮೂರನೇ ಹಾಡಿನ ಕಿರುಚಾಟ ತಡೆಯಲಾಗದೆ ನಿಲ್ಲಿಸಿದೆ, ಆಫ್ರಿಕಾದ ತಾಳ ಎಲ್ಲೂ ಕೇಳಿಸಲಿಲ್ಲ ಅಂದಿದ್ದೀರಿ. ನೀವು ನಿಲ್ಲಿಸಿದ್ದು ಸರಿಯಾಗಿ ಅದರ ಬಾಗಿಲಲ್ಲೇ!

ನಾಲ್ಕನೇ ಹಾಡು ‘ಆಲ್ ಆಫ್ರಿಕಾ’ದಿಂದ ಶುರು ಮಾಡಿ. ಗಾಯಕಿ ಆ್ಯಬಿ ಲಿಂಕನ್ ಆಫ್ರಿಕಾದ ಬುಡಕಟ್ಟುಗಳ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾರೆ. ನೈಜೀರಿಯಾದ ಡ್ರಮ್ ವಾದಕ ಓಲಾಟುಂಜಿ ಯೊರೂಬಾ ಭಾಷೆಯಲ್ಲಿ ಉತ್ತರ ಕೊಡುತ್ತಾರೆ. ಆಮೇಲೆ ಬರೀ ವಾದ್ಯಗಳ ಮಾತು. ಕೈಯಲ್ಲಿ ಬಾರಿಸುವ ಡ್ರಮ್‌ಗಳ ನಡುವೆ ರೋಚ್ ಅವರ ಡ್ರಮ್ ಸೆಟ್ ಬೇರೆಯಾಗಿ ಕೇಳಿಸುತ್ತದೆ. ಹೆಡ್‌ಫೋನ್ ಇದ್ದರೆ ಇನ್ನೂ ಚೆನ್ನ.

ಅದಾದ ಮೇಲೆ ‘ಟಿಯರ್ಸ್ ಫಾರ್ ಜೊಹಾನೆಸ್‌ಬರ್ಗ್’. ಅದೇ ವರ್ಷ ಮಾರ್ಚ್ 21ರಂದು ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದಿದ್ದರು. ಆ ಸಾವುಗಳಿಗೆ ಅಳುವ ಈ ಹಾಡಿನಲ್ಲಿ ಮಾತುಗಳೇ ಇಲ್ಲ, ಲಿಂಕನ್ ಸುಮ್ನೆ ದನಿ ಎಳೆಯುತ್ತಾರೆ. ನನಗೆ ಇಡೀ ಆಲ್ಬಮ್‌ನಲ್ಲಿ ಜಾಸ್ತಿ ಇಷ್ಟ ಇದೇ.

ಆಮೇಲೆ ಮೊದಲ ಹಾಡಿಗೆ ಹೋಗಿ. ‘ಡ್ರೈವಾ ಮ್ಯಾನ್’ ಗುಲಾಮರ ಮೇಲ್ವಿಚಾರಕನ ಬಗ್ಗೆ. ಐದು ಎಣಿಕೆಯ ತಾಳ, ಪ್ರತಿ ಸುತ್ತಿನ ಮೊದಲ ಏಟು ಚಾಟಿ ಬೀಸಿದ ಹಾಗೆ. ಕೋಲ್ಮನ್ ಹಾಕಿನ್ಸ್ ಅವರ ಸ್ಯಾಕ್ಸೊಫೋನ್ ಒಂದು ಕಡೆ ಕೀಚ್ ಅನ್ನುತ್ತದೆ. ಅದನ್ನು ತೆಗೆಯಬೇಡಿ ಅಂದವರು ಅವರೇ.

ಇನ್ನು ಆ ಕಿರುಚು. ನೀವು ನಿಲ್ಲಿಸಿದ ಆ ಮೂರನೇ ಹಾಡು ‘ಟ್ರಿಪ್ಟಿಕ್’ನಲ್ಲಿ ಇರುವುದು ಇಬ್ಬರೇ, ರೋಚ್ ಮತ್ತು ಲಿಂಕನ್. ಮೊದಲು ಪ್ರಾರ್ಥನೆ, ನಂತರ ಪ್ರತಿಭಟನೆ, ಕೊನೆಗೆ ಶಾಂತಿ. ಕಿರುಚು ಬರೀ ನಡುವಿನ ಭಾಗ, ಅದೂ ಒಂದೂವರೆ ನಿಮಿಷಕ್ಕಿಂತ ಕಡಿಮೆ. ಅದನ್ನು ದಾಟಿಸಿ ಮುಂದೆ ಹೋಗಬೇಡಿ, ದಯವಿಟ್ಟು. ಅದು ಕೇಳಿದ ಮೇಲೇ ಕೊನೆಯ ಭಾಗದ ಆ ದಣಿದ ಉಸಿರು ಏನು ಅಂತ ತಿಳಿಯುವುದು.