ಕವರಿನ ಮೇಲೆ ಹೆಸರು ಬರೆಯಲು ಜಾಗ ಬಿಟ್ಟಿದ್ದೀರಾ?

ಸ್ವಂತ ವಿನ್ಯಾಸದ ಲಗ್ನಪತ್ರಿಕೆ ಮಾಡಿಸುವ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಅಚ್ಚುಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರ್ ಕಾಲದವರೆಗೆ ಮುದ್ರಣದ ಕೆಲಸದಲ್ಲಿ ಇದ್ದವನಾದ್ದರಿಂದ, ಕೈಯಾರೆ ಮಾಡಿ ತಿಳಿದುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ವೈಶಾಖದಲ್ಲಿ ನಮ್ಮ ಮಗಳ ಮದುವೆ ನಿಶ್ಚಯವಾಗಿದೆ. ಅಂಗಡಿಯ ಆಲ್ಬಂ ನೋಡಿ ಆರಿಸುವ ಕಾರ್ಡು ಬೇಡ, ಅಜ್ಜಿಯ ಮೊಳಕಾಲ್ಮುರು ಸೀರೆಯ ಅಂಚೇ ಪತ್ರಿಕೆಯ ಅಂಚಾಗಬೇಕು ಎಂದು ಅವಳು ಹಟ ಹಿಡಿದಿದ್ದಾಳೆ. ಎಂಟುನೂರು ಪತ್ರಿಕೆ ಬೇಕು. ಇದು ನಮ್ಮ ಊರಿನಲ್ಲಿ ಆಗುವ ಕೆಲಸವೇ? ಎಷ್ಟು ಮುಂಚೆ ಆರಂಭಿಸಬೇಕು?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತವಾಗಿ ಆಗುವ ಕೆಲಸ, ಮತ್ತು ನಿಮ್ಮ ಮಗಳ ಆಸೆ ಒಳ್ಳೆಯದು. ಆಲ್ಬಂನಲ್ಲಿ ನೀವು ನೋಡುವ ಸಿದ್ಧ ಕಾರ್ಡುಗಳು ಶಿವಕಾಶಿಯಂತಹ ಮುದ್ರಣದ ಊರುಗಳಿಂದ ಚಿತ್ರ ಸಮೇತ ಬಂದಿರುತ್ತವೆ. ಇಲ್ಲಿನ ಪ್ರೆಸ್ಸಿನಲ್ಲಿ ಅವುಗಳ ಮೇಲೆ ನಿಮ್ಮ ಮ್ಯಾಟರ್ (ಒಕ್ಕಣೆ) ಮಾತ್ರ ಅಚ್ಚಾಗುತ್ತದೆ. ಸ್ವಂತ ವಿನ್ಯಾಸವಾದರೆ ಕಾಗದದ ಆಯ್ಕೆಯಿಂದ ಕವರಿನ ಅಳತೆಯವರೆಗೆ ಎಲ್ಲವನ್ನೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ, ಆದ್ದರಿಂದ ಕನಿಷ್ಠ ಎರಡು ತಿಂಗಳ ಅವಧಿ ಇಟ್ಟುಕೊಳ್ಳಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬರುವುದರಿಂದ ಆ ಒಂದು ತಿಂಗಳು ಮದುವೆಗಳಿರುವುದಿಲ್ಲ. ನಿಜ ಜ್ಯೇಷ್ಠ ಮುಗಿಯುತ್ತಿದ್ದಂತೆ ಆಷಾಢ ಬಂದುಬಿಡುತ್ತದೆ. ಹೀಗಾಗಿ ಎಲ್ಲರೂ ವೈಶಾಖದ ಮುಹೂರ್ತಗಳಿಗೇ ಮುಗಿಬೀಳುತ್ತಾರೆ, ಪ್ರೆಸ್ಸಿನವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಊರೂರು ತಿರುಗಿ ಪತ್ರಿಕೆ ಕೊಡಲು ತಿಂಗಳಾದರೂ ಬೇಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೀರೆಯ ಅಂಚಿನ ವಿಷಯಕ್ಕೆ ಬರೋಣ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ವಿನ್ಯಾಸಕಾರರಿಗೆ ಕಳುಹಿಸಿ ಸುಮ್ಮನಾಗಬೇಡಿ. ಸೀರೆಯನ್ನೇ ಕೊಂಡೊಯ್ದು, ಅಂಚನ್ನು ಸ್ಕ್ಯಾನರಿನ ಗಾಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ, ನಿಜ ಅಳತೆಯಲ್ಲಿ 300 ಡಿಪಿಐಗೆ (ಒಂದು ಅಂಗುಲಕ್ಕೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಕಡಿಮೆಯಾಗದಂತೆ ಸ್ಕ್ಯಾನ್ ಮಾಡಿಸಿ. ಹಾಗೆ ಮಾಡಿದರೂ ಜರಿ ಮಾತ್ರ ಜರಿಯಾಗಿ ಬರುವುದಿಲ್ಲ. ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನದ ಹೊಳಪು ಇಲ್ಲವಾದ್ದರಿಂದ ಅದು ಸಾಸಿವೆ ಬಣ್ಣಕ್ಕೆ ತಿರುಗುತ್ತದೆ. ಆದ ಕಾರಣ ಸ್ಕ್ಯಾನನ್ನು ಮಾದರಿಯಾಗಿಟ್ಟುಕೊಂಡು ಅಂಚನ್ನು ಗೆರೆಗಳಲ್ಲಿ ಹೊಸದಾಗಿ ಬರೆಸಿ, ಜರಿಯ ಒಂದೆರಡು ಗೆರೆಗಳಿಗೆ ಮಾತ್ರ ಚಿನ್ನದ ಫಾಯಿಲ್ (ಅಚ್ಚಿನಿಂದ ಒತ್ತಿ ಅಂಟಿಸುವ ಹೊಳೆಯುವ ತೆಳು ಹಾಳೆ) ಹಾಕಿಸುವುದು ಸರಿಯಾದ ದಾರಿ. ಫಾಯಿಲಿಗೆ ಪ್ರತ್ಯೇಕ ಅಚ್ಚು ಮಾಡಿಸಬೇಕು, ಅದರ ಖರ್ಚು ಬೇರೆ. ಪತ್ರಿಕೆಯ ಸಂಪೂರ್ಣ ಮ್ಯಾಟರನ್ನು ಫಾಯಿಲಿನಲ್ಲಿ ಮಾಡಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಒತ್ತಕ್ಷರಗಳ ಸಣ್ಣ ಹೊಟ್ಟೆಗಳು (ಒಳಗಿನ ಖಾಲಿ ಜಾಗಗಳು) ಫಾಯಿಲಿನಲ್ಲಿ ತುಂಬಿಕೊಂಡುಬಿಡುತ್ತವೆ. ಅರವತ್ತು ದಾಟಿದ ಹಿರಿಯರು ಪತ್ರಿಕೆಯನ್ನು ಬೆಳಕಿಗೆ ಓರೆ ಹಿಡಿದು, ಮುಹೂರ್ತ ಎಷ್ಟು ಗಂಟೆಗೆ ಎಂದು ಪಕ್ಕದವರನ್ನು ಕೇಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ವಧೂವರರ ಹೆಸರಿಗೆ ಫಾಯಿಲ್ ಸಾಕು.

ಶುಭಪತ್ರಿಕೆಗೆ ಕಪ್ಪು ಬೇಡವೆಂದು ನಮ್ಮಲ್ಲಿ ಕುಂಕುಮಗೆಂಪು, ಮರೂನ್ ಬಳಸುವುದು ರೂಢಿ. ಸಣ್ಣ ಅಕ್ಷರವನ್ನು ಎರಡು ಮೂರು ಬಣ್ಣಗಳ ಮಿಶ್ರಣದಿಂದ ಮರೂನ್ ಮಾಡಿದರೆ, ಒಂದೊಂದು ಬಣ್ಣಕ್ಕೂ ಬೇರೆಯಾಗಿರುವ ಪ್ಲೇಟುಗಳು (ಅಚ್ಚಿನ ತಗಡುಗಳು) ಕೂದಲೆಳೆಯಷ್ಟು ಸರಿದರೂ ಅಕ್ಷರ ಎರಡೆರಡಾಗಿ ಕಾಣುತ್ತದೆ. ಆಫ್‌ಸೆಟ್ಟಿನಲ್ಲಿ (ಪ್ಲೇಟಿನಿಂದ ಅಚ್ಚಾಗುವ ವಿಧಾನ) ಅಚ್ಚು ಹಾಕಿಸುವುದಾದರೆ ಮ್ಯಾಟರಿಗೆ ಮರೂನ್ ಶಾಯಿಯನ್ನೇ ಒಂದು ಪ್ರತ್ಯೇಕ ಬಣ್ಣವಾಗಿ ಬಳಸಲು ಕೇಳಿಕೊಳ್ಳಿ. ಎಂಟುನೂರು ಪ್ರತಿಗೆ ಆಫ್‌ಸೆಟ್ಟೇ ಲಾಭಕರ. ನೂರಿನ್ನೂರು ಪ್ರತಿ ಸಾಕೆನ್ನುವ ಸೀಮಂತ, ಗೃಹಪ್ರವೇಶಗಳಿಗೆ ಪ್ಲೇಟಿನ ಖರ್ಚಿಲ್ಲದ ಡಿಜಿಟಲ್ ಮುದ್ರಣ ಸಾಕು. ಆಫ್‌ಸೆಟ್ಟಿನಲ್ಲಿ ಆಮೇಲೆ ಐವತ್ತು ಹೆಚ್ಚಿಗೆ ಬೇಕೆಂದರೆ ಯಂತ್ರಕ್ಕೆ ಮತ್ತೆ ಪ್ಲೇಟು ಕಟ್ಟಿ ಬಣ್ಣ ಹೊಂದಿಸುವ ಕೆಲಸವೆಲ್ಲ ಮೊದಲಿನಿಂದ ಆಗಬೇಕು, ಆದ್ದರಿಂದ ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ಮೊದಲೇ ಹಾಕಿಸಿ.

ಕಾಗದವನ್ನು ಆರಿಸುವಾಗ ಒಂದು ಚಿಟಿಕೆ ಅರಿಶಿನ, ಕುಂಕುಮವನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ. ಪತ್ರಿಕೆ ಬಂದ ದಿನ ದೇವರ ಮುಂದಿಟ್ಟು, ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿಯೇ ಹಂಚಲು ತೊಡಗುವುದು ನಮ್ಮ ಪದ್ಧತಿ. ನುಣುಪಾದ ಲ್ಯಾಮಿನೇಷನ್ ಇರುವ ಕಾರ್ಡಿಗೆ ಹಚ್ಚಿದ ಅರಿಶಿನ ಒಣಗಿ ಹಕ್ಕಳೆಯಾಗಿ ಉದುರುತ್ತದೆ. ಕೈಕಾಗದದಂತಹ ಒರಟು ಕಾಗದದಲ್ಲಿ ನೀರಿನೊಡನೆ ಹರಡಿ ಅಕ್ಷರದವರೆಗೆ ಹರಿಯುತ್ತದೆ. ಅಂಗಡಿಯಲ್ಲೇ ಒಂದು ಮಾದರಿ ತುಂಡಿಗೆ ಹಚ್ಚಿ, ಐದು ನಿಮಿಷ ಬಿಟ್ಟು, ಬೆರಳಿನಿಂದ ತಟ್ಟಿ ನೋಡಿದರೆ ತಿಳಿಯುತ್ತದೆ. ಕವರಿಗೂ ಇದೇ ಎಚ್ಚರ ಬೇಕು. ಕಡುಗೆಂಪು ಬಣ್ಣದ ಹೊಳಪು ಕವರ್ ನೋಡಲು ಚೆಂದ, ಆದರೆ ಅದರ ಮೇಲೆ ಬಾಲ್‌ಪೆನ್ ಬರೆಯುವುದಿಲ್ಲ, ಬರೆದರೂ ಕಾಣುವುದಿಲ್ಲ. ಕರೆಯಲು ಹೋದ ಮನೆಯ ಹಿರಿಯರ ಹೆಸರನ್ನು ಅವರ ಕಣ್ಣೆದುರಿಗೇ ಬರೆದು ಕೊಡುವುದರಲ್ಲಿ ಒಂದು ಗೌರವವಿದೆ. ಅದಕ್ಕೆ ತಿಳಿಬಣ್ಣದ, ಹೊಳಪಿಲ್ಲದ ನಾಲ್ಕು ಬೆರಳಗಲದ ಜಾಗವನ್ನು ಕವರಿನ ಮೇಲೆ ಬಿಡಿಸಲೇಬೇಕು.

ತೂಕವನ್ನೂ ಮೊದಲೇ ಲೆಕ್ಕ ಹಾಕಬಹುದು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಬಿಚ್ಚಿದಾಗ 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದ ಬರುವ 300 ಜಿಎಸ್‌ಎಂ ಕಾರ್ಡು 18 ಗ್ರಾಂ ತೂಗುತ್ತದೆ. ಒಳಹಾಳೆ, ಕವರ್ ಸೇರಿದರೆ 35 ಗ್ರಾಂ ಆಸುಪಾಸಿಗೆ ಬರುತ್ತದೆ. ಸಾಮಾನ್ಯ ಪತ್ರದ ಅಂಚೆ ದರ ಪ್ರತಿ 20 ಗ್ರಾಂಗೆ ಏರುವುದರಿಂದ, ದೂರದ ನೆಂಟರಿಗೆ ಅಂಚೆಯಲ್ಲಿ ಕಳುಹಿಸುವ ಪ್ರತಿಗಳು ಹೆಚ್ಚಿದ್ದರೆ ಒಂದು ಒಳಹಾಳೆಯನ್ನು ಕಡಿಮೆ ಮಾಡುವುದು ಲೇಸು.

ಪ್ರಶ್ನೆ: ವಾಟ್ಸಾಪಿನಲ್ಲಿ ನಾವು ಸರಿಯಾಗಿ ಟೈಪ್ ಮಾಡಿ ಕಳುಹಿಸಿದ ಕನ್ನಡ, ವಿನ್ಯಾಸದಲ್ಲಿ ಬಂದಾಗ ಒತ್ತಕ್ಷರಗಳೆಲ್ಲ ಒಡೆದುಹೋಗಿವೆ. ಇದು ಯಾರ ತಪ್ಪು?
– ಶಿಕ್ಷಕರು, ಹೊಳಲ್ಕೆರೆ

ಉತ್ತರ: ನೀವು ಕಳುಹಿಸಿದ್ದು ಯೂನಿಕೋಡ್, ಎಂದರೆ ಮೊಬೈಲು, ಅಂತರ್ಜಾಲಗಳಲ್ಲಿ ಬಳಸುವ ಅಕ್ಷರ ಸಂಕೇತ ಪದ್ಧತಿ. ಹಲವು ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ವಿನ್ಯಾಸ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಕೆಲಸ ನಡೆಯುತ್ತದೆ. ಹಳೆಯ ಆವೃತ್ತಿಗೆ ಯೂನಿಕೋಡ್ ಕನ್ನಡದ ಒತ್ತು, ಅರ್ಕಾವತ್ತುಗಳನ್ನು ಜೋಡಿಸಲು ಬಾರದು. ನುಡಿಗೆ ಪರಿವರ್ತಿಸಿಕೊಂಡರೂ ಅಲ್ಲಲ್ಲಿ ಅಕ್ಷರ ಜಾರುತ್ತದೆ. ನನ್ನ ತಂಗಿಯ ಮಗಳ ಮದುವೆಯಲ್ಲಿ ಹೀಗೆಯೇ ಆಗಿ, ವರನ ತಂದೆ ಮಲ್ಲಿಕಾರ್ಜುನಪ್ಪನವರ ಹೆಸರಿನ ಅರ್ಕಾವತ್ತು ಕಳಚಿ ‘ಮಲ್ಲಿಕಾಜುನಪ್ಪ’ ಎಂದು ಅಚ್ಚಾಯಿತು. ಆ ಪ್ರೂಫನ್ನು (ಅಚ್ಚಿಗೆ ಮುನ್ನ ತಿದ್ದಲು ತೆಗೆಯುವ ಕರಡು ಪ್ರತಿ) ನೋಡಿದವನು ನಾನೇ. ಮುಹೂರ್ತ, ದಿನ, ಮಂಟಪಗಳನ್ನು ಮೂರು ಮೂರು ಸಲ ತಾಳೆ ನೋಡಿದ್ದೆ. ದಿನವೂ ಕರೆಯುವ ಹೆಸರಾದ್ದರಿಂದ ಕಣ್ಣು ಅದರ ಮೇಲೆ ನಿಲ್ಲಲಿಲ್ಲ. ಬೀಗರು ದೊಡ್ಡ ಮನಸ್ಸಿನಿಂದ ಏನೂ ಅನ್ನಲಿಲ್ಲ, ಆದರೆ ಆ ಪತ್ರಿಕೆ ಇಂದಿಗೂ ನನ್ನ ಮೇಜಿನ ಒಳಗಿದೆ, ಯಾವ ಪ್ರೂಫ್ ನೋಡುವ ಮೊದಲೂ ಅದನ್ನೊಮ್ಮೆ ತೆಗೆದು ನೋಡುತ್ತೇನೆ.

ಅಂದಿನಿಂದ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ನೀವು ಮಾಡಬೇಕಾದದ್ದು ಇಷ್ಟು: ಮ್ಯಾಟರನ್ನು ಪಿಡಿಎಫ್ ರೂಪದಲ್ಲಿಯೂ ಕೊಡಿ, ಮೂಲದಲ್ಲಿ ಏನಿತ್ತೆಂದು ಅವರಿಗೆ ಕಾಣಲಿ. ಪ್ಲೇಟಿಗೆ ಹೋಗುವ ಮುನ್ನ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಡದ, ಗೆರೆಗಳಿಂದಾದ ಆಕಾರಕ್ಕೆ) ಬದಲಾಯಿಸಲು ಹೇಳಿ. ಹಾಗೆ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಫಾಂಟ್ ಬದಲಾಗುವ ಭಯವಿಲ್ಲ. ಕೊನೆಯ ಪ್ರೂಫನ್ನು ಮೊಬೈಲಿನಲ್ಲಿ ನೋಡಿ ‘ಓಕೆ’ ಎನ್ನದೆ, ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ ಎರಡೂ ಮನೆಗಳಿಗೆ ಒಂದೊಂದು ಕೊಡಿ. ಗಂಡಿನ ಕಡೆಯ ಹೆಸರುಗಳ ತಪ್ಪು ಹೆಣ್ಣಿನ ಮನೆಯವರಿಗೆ ಕಾಣುವುದು ಕಷ್ಟ.

ಪ್ರಶ್ನೆ: ಯುಗಾದಿಯ ನಂತರ ನಮ್ಮ ಮನೆಯ ಮದುವೆ. ಸಂವತ್ಸರದ ಹೆಸರು ‘ಪರಾಭವ’ ಎಂದು ಪುರೋಹಿತರು ಬರೆದುಕೊಟ್ಟಿದ್ದಾರೆ. ಶುಭಪತ್ರಿಕೆಯಲ್ಲಿ ಸೋಲು ಎಂಬ ಅರ್ಥದ ಮಾತು ಬೇಡವೆಂದು ಮನೆಯಲ್ಲಿ ತಕರಾರು ನಡೆದಿದೆ.
– ಓದುಗರು, ಚಿತ್ರದುರ್ಗ

ಉತ್ತರ: ಅರವತ್ತು ಸಂವತ್ಸರಗಳ ಚಕ್ರದಲ್ಲಿ ನಲವತ್ತನೆಯದು ಪರಾಭವ. ಇದು ಹಿಂದಿನ ಬಾರಿ ಬಂದದ್ದು 1966ರ ಯುಗಾದಿಗೆ. ಆ ವರ್ಷ ಮದುವೆಯಾದ ಹಿರಿಯರು ನಿಮ್ಮ ಬಂಧುಗಳಲ್ಲಿಯೇ ಇರಬಹುದು, ಅವರ ಪತ್ರಿಕೆ ಉಳಿದಿದ್ದರೆ ತೆಗೆಸಿ ನೋಡಿ. ಅದು ಕಾಲದ ಹೆಸರೇ ಹೊರತು ದಂಪತಿಗಳ ಮೇಲೆ ಹಾಕುವ ಮುದ್ರೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಮನಸ್ಸಿಗೆ ಅಳುಕಿದ್ದರೆ ‘ಶಾಲಿವಾಹನ ಶಕೆ 1948’ ಎಂದು ಹಾಕಿಸಿ, ಮಾಸ, ಪಕ್ಷ, ತಿಥಿ, ಇಂಗ್ಲಿಷ್ ದಿನಾಂಕ ಕೊಟ್ಟರೆ ಯಾವ ಲೋಪವೂ ಆಗುವುದಿಲ್ಲ. ಸಂವತ್ಸರದಲ್ಲಿ ಸಾಮಾನ್ಯವಾಗಿ ಆಗುವ ನಿಜವಾದ ತಪ್ಪು ಬೇರೆಯೇ ಇದೆ. 2026ರ ಮಾರ್ಚ್ 19ರಂದು ಯುಗಾದಿ. ಅದಕ್ಕೂ ಮೊದಲೇ ಪತ್ರಿಕೆ ಮಾಡಿಸುವವರು ಬಂಧುಗಳ ಹಳೆಯ ಪತ್ರಿಕೆಯನ್ನು ಮಾದರಿಗೆ ಕೊಟ್ಟಾಗ ಹಿಂದಿನ ಸಂವತ್ಸರದ ಹೆಸರಾದ ‘ವಿಶ್ವಾವಸು’ ಹಾಗೆಯೇ ಉಳಿದುಬಿಡುತ್ತದೆ. ಮನೆದೇವರ ಹೆಸರಿಗೂ ಇದೇ ಮಾತು. ಉಚ್ಚಂಗಿ ಎಲ್ಲಮ್ಮನ ಒಕ್ಕಲಿನವರ ಪತ್ರಿಕೆಯ ನೆತ್ತಿಯ ಮೇಲೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರು ಮಾತ್ರ ಉಳಿದರೆ ಹಿರಿಯರಿಗೆ ನೋವಾಗುತ್ತದೆ.

ಪ್ರಶ್ನೆ: ಪತ್ರಿಕೆ ಮಾಡಿಸಲು ಹೋದರೆ ಮಗಳ ವಯಸ್ಸಿನ ದಾಖಲೆ ಕೇಳಿದರು. ಇದು ಅವಮಾನವಲ್ಲವೇ?
– ಓದುಗರು, ಜಗಳೂರು

ಉತ್ತರ: ಅವಮಾನವಲ್ಲ, ಆ ಪ್ರೆಸ್ಸಿನವರು ತಮ್ಮ ಹೊಣೆಯನ್ನು ಅರಿತವರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬಿರಬೇಕು. ಬಾಲ್ಯವಿವಾಹಕ್ಕೆ ಉತ್ತೇಜನ ನೀಡುವುದೂ ಅದರಡಿ ಶಿಕ್ಷಾರ್ಹ ಅಪರಾಧ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿಯನ್ನು ನಗುಮುಖದಿಂದ ಕೊಟ್ಟು ಬನ್ನಿ.

ಪ್ರಶ್ನೆ: ನಾವು ಒಪ್ಪಿದ ಪ್ರೂಫಿನಲ್ಲಿ ಭಾನುವಾರ ಎಂದಿತ್ತು, ಅಚ್ಚಾಗಿ ಬಂದ ಐನೂರು ಪತ್ರಿಕೆಗಳಲ್ಲಿ ಸೋಮವಾರ ಎಂದಿದೆ. ಪೂರ್ತಿ ಹಣ ಕೊಟ್ಟಾಗಿದೆ, ಈಗ ಅವರು ಒಪ್ಪುತ್ತಿಲ್ಲ.
– ಓದುಗರು, ಹರಿಹರ

ಉತ್ತರ: ಎಲ್ಲವೂ ಆ ಪ್ರೂಫ್ ನಿಮ್ಮ ಕೈಯಲ್ಲಿದೆಯೇ ಎಂಬುದರ ಮೇಲೆ ನಿಂತಿದೆ. ನೀವು ಸಹಿ ಮಾಡಿದ ಪ್ರೂಫಿನಲ್ಲಿಯೇ ತಪ್ಪಿದ್ದರೆ ಅದರ ಹೊಣೆ ನಿಮ್ಮದು. ಸಹಿಯ ನಂತರ ಬದಲಾಗಿದ್ದರೆ ಅವರದು. ಮದುವೆ ಹತ್ತಿರವಿರುವಾಗ ಜಗಳಕ್ಕಿಂತ ಪತ್ರಿಕೆ ಮುಖ್ಯ, ಹಾಗಾಗಿ ಪ್ರೂಫನ್ನು ಮುಂದಿಟ್ಟು, ಕನಿಷ್ಠ ಕಾಗದದ ಖರ್ಚಿನಲ್ಲಿ ಮರುಮುದ್ರಣ ಮಾಡಿಕೊಡುವಂತೆ ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ಎರಡು ವರ್ಷದೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಬಿಲ್ಲು ಬೇಕೇ ಬೇಕು. ಮುಂದೆ ಮಾಡಿಸುವವರಿಗೆ ನನ್ನ ಕೋರಿಕೆಯೆಂದರೆ, ಅರ್ಧದಷ್ಟು ಮುಂಗಡ ಕೊಟ್ಟು, ಉಳಿದದ್ದನ್ನು ಒಂದು ಕಟ್ಟು ಬಿಚ್ಚಿ ಓದಿದ ಮೇಲೆಯೇ ಕೊಡಿ. ವಿನ್ಯಾಸದ ಮೂಲ ಕಡತ ಯಾರದಾಗಬೇಕೆಂಬುದನ್ನು ಸಹ ಮೊದಲೇ ಮಾತನಾಡಿಕೊಳ್ಳಿ.

ಪ್ರಶ್ನೆ: ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ, ‘ಮೋಸದ ಫೈಲ್ ಇರಬಹುದು’ ಎಂದು ಬಂಧುಗಳು ತೆರೆಯುತ್ತಲೇ ಇಲ್ಲ. ಏನು ಮಾಡಬೇಕು?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಅವರ ಹೆದರಿಕೆಗೆ ಕಾರಣವಿದೆ. ಮದುವೆಯ ಕರೆಯೋಲೆಯ ಹೆಸರಿನಲ್ಲಿ ‘ಎಪಿಕೆ’ (ಮೊಬೈಲಿನಲ್ಲಿ ಆ್ಯಪ್ ಅಳವಡಿಸುವ) ಫೈಲುಗಳನ್ನು ಕಳುಹಿಸಿ, ತೆರೆದವರ ಮೊಬೈಲನ್ನು ವಶಪಡಿಸಿಕೊಂಡು ಹಣ ದೋಚುವ ವಂಚನೆಯ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಬಂದಿದ್ದಾರೆ. ನೀವು ಪತ್ರಿಕೆಯನ್ನು ಚಿತ್ರದ ರೂಪದಲ್ಲಿಯೇ ಕಳುಹಿಸಿ, ಆಗ ತೆರೆಯದೆಯೂ ಕಾಣುತ್ತದೆ. ಜೊತೆಗೆ ನಿಮ್ಮ ಧ್ವನಿಯಲ್ಲಿ ಎರಡು ಮಾತು ಹೇಳಿ ಕಳುಹಿಸಿ. ಮಂಟಪದ ದಾರಿ ತೋರಿಸುವ ಕ್ಯೂಆರ್ ಕೋಡನ್ನು ಪತ್ರಿಕೆಯಲ್ಲಿ ಹಾಕಿಸುವುದಾದರೆ, ಎರಡು ಸೆಂ.ಮೀ.ಗಿಂತ ಚಿಕ್ಕದಾಗದಂತೆ, ಬಿಳಿಯ ಮೇಲೆ ಗಾಢ ಬಣ್ಣದಲ್ಲಿ ಹಾಕಿಸಿ. ಚಿನ್ನದ ಫಾಯಿಲಿನ ಕೋಡು ಬೆಳಕಿಗೆ ಹೊಳೆದು ಓದಿಸಿಕೊಳ್ಳುವುದಿಲ್ಲ. ಪ್ರೂಫ್ ಕಾಗದದ ಮೇಲೆಯೇ ಮೂರು ಬೇರೆ ಬೇರೆ ಮೊಬೈಲುಗಳಲ್ಲಿ ಪರೀಕ್ಷಿಸಿ, ಅದು ನಿಮ್ಮ ಮಂಟಪದ ಬಾಗಿಲಿಗೇ ಕರೆದೊಯ್ಯುತ್ತದೆಯೇ ನೋಡಿಕೊಳ್ಳಿ.