ತೀರ್ಥಹಳ್ಳಿಯ ಅಮ್ಮನಿಗೆ ಬರುವ ಸಾಲದ ಕರೆಗಳು

ಜಾಹೀರಾತಿನ ಕರೆ ಬೇಡ ಅಂತ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಹಾಕಿಸಿದ ಮೇಲೂ ತೀರ್ಥಹಳ್ಳಿಯಲ್ಲಿರುವ ನಿಮ್ಮ ಅಮ್ಮನಿಗೆ ‘ಸಾಲ ಬೇಕಾ’ ಅನ್ನುವ ಕರೆ ನಿಂತಿಲ್ಲ ಅಂದಿದ್ದೀರಿ. ಓದಿ ಬೇಜಾರಾಯಿತು. ಸಾಗರದ ಹತ್ತಿರ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ. ನನ್ನ ಫೋನ್ ಅಂದುಕೊಂಡು ನನ್ನ ಅಮ್ಮ ಮಳೆಯಲ್ಲೇ ಅಲ್ಲಿಗೆ ಓಡುತ್ತಿದ್ದರು. ಎತ್ತಿದರೆ ರೆಕಾರ್ಡ್ ಮಾಡಿದ ದನಿ.

ಡಿಎನ್‌ಡಿ ಹಾಕಿಸಿ ಸುಮ್ನೆ ಕೂತರೆ ಆಗದು, ದೂರು ಕೊಡಲೇಬೇಕು. ಕರೆ ಬಂದ 7 ದಿನದೊಳಗೆ ನಿಮ್ಮ ಅಮ್ಮನ ಸಿಮ್‌ನಿಂದಲೇ 1909ಕ್ಕೆ ಫೋನ್ ಮಾಡಿ. ನಂಬರ್, ದಿನ, ಏನು ಹೇಳಿದರು ಅನ್ನುವುದನ್ನು ಬರೆದಿಟ್ಟುಕೊಳ್ಳಿ. 140ರಿಂದ ಶುರುವಾದರೆ ಅದು ಜಾಹೀರಾತಿನ ಕರೆ, ಎತ್ತುವುದೇ ಬೇಡ. ಜಾಸ್ತಿ ಕಾಟ ಮಾಮೂಲಿ 10 ಅಂಕಿಯ ನಂಬರಿನವರದ್ದು, ಅಲ್ವಾ? ಇಂಥ ಕರೆಗಳ ನಿಯಮಕ್ಕೆ 2025ರಲ್ಲಿ ಮಾಡಿದ ತಿದ್ದುಪಡಿಯ ನಂತರ ಅಂಥವರ ಮೇಲೆ ಡಿಎನ್‌ಡಿ ಇಲ್ಲದಿದ್ದರೂ ದೂರು ಕೊಡಬಹುದು. ಒಟಿಪಿ ಹೇಳಿ ದುಡ್ಡು ಹೋದರೆ ಮಾತ್ರ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ.